ಮೀನಿನ ಮೀಸೆ ಎಣಿಸಿದ್ದು

ವೈನಿ ಕೋಲ್ಕತ್ತ ಬಿಟ್ಟದ್ದು ನವೆಂಬರ್ ಹದಿನಾರರಂದು, ಭಾನುವಾರ. ಆ ದಿನದ ಡೈರಿಯಲ್ಲಿ ಮೂರೇ ಸಾಲುಗಳಿವೆ. ಹೌರಾದಿಂದ ರೈಲು ಹೊರಟ ಹೊತ್ತು. ಬೋಗಿಗೆ ಏರಿಸಿದ ಸಾಮಾನು ಹದಿನಾಲ್ಕು. ಮೂರನೆಯದು, ‘ಮೀನಿನ ತೊಟ್ಟಿ ನನ್ನ ಕೋಣೆಗೆ ಬಂದಿದೆ. ಮೀನು ಒಂದು.’

ಅವರು ನನ್ನ ಅಣ್ಣನ ಹೆಂಡತಿಯಲ್ಲ. ನನಗೆ ಅಣ್ಣನೇ ಇಲ್ಲ. ಧಾರವಾಡದವರು, ಗಂಡ ರೈಲ್ವೆಯಲ್ಲಿ ಅಧಿಕಾರಿ. ಖಿದಿರ್‌ಪುರದ ನನ್ನ ಕೋಣೆಯಿಂದ ಅವರ ಕ್ವಾರ್ಟರ್ಸಿಗೆ ಕಾಲ್ನಡಿಗೆಯಲ್ಲಿ ಹನ್ನೆರಡು ನಿಮಿಷ. ಗದಗಿನ ಕಡೆಯ ಹುಡುಗನೊಬ್ಬ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದಾನೆ ಎಂದು ಯಾರಿಂದಲೋ ತಿಳಿದು ಅವರೇ ಹೇಳಿಕಳಿಸಿದ್ದರು. ಮೊದಲ ದಿನವೇ ತಟ್ಟೆಗೆ ರೊಟ್ಟಿ ಹಾಕುತ್ತ, “ವೈನಿ ಅನ್ನು. ಆಂಟಿ ಅಂದ್ರ ಎರಡನೇ ರೊಟ್ಟಿ ಇಲ್ಲ” ಅಂದಿದ್ದರು. ಆಮೇಲೆ ಒಂದು ವರ್ಷ ಎರಡು ತಿಂಗಳು ನಾನು ಕನ್ನಡ ಮಾತಾಡಿದ್ದೆಲ್ಲ ಆ ಅಡುಗೆಮನೆಯ ಬಾಗಿಲಲ್ಲಿ ನಿಂತೇ. ಸಾಹೇಬರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವರಿಗೆ ಊರಿಗೆ ಹೋಗುವ ಸಂತೋಷ. ನನಗೆ ತೊಟ್ಟಿ.

“ಇದನ್ನ ರೈಲಿನ್ಯಾಗ ಒಯ್ಯಲಿಕ್ಕಾಗೂದಿಲ್ಲ” ಎಂದರು, ಹೊರಡುವ ಹಿಂದಿನ ದಿನ.

“ನಾ ಎಂದೂ ಮೀನ ಸಾಕಿಲ್ಲ ವೈನಿ.”

“ನಾ ಸಾಕಿದ್ನೇನು? ನಮಗಿಂತ ಮೊದಲ ಇದ್ದವರು ಬಿಟ್ಟುಹೋದ್ರು. ಮೀನ ಅಂದ್ರ ತಾಟಿನ್ಯಾಗ ನೋಡೋ ಊರಾಗ ಇದೊಂದು ಹೆಂಗೋ ಉಳಕೊಂಡದ. ನಾಕು ವರ್ಷ ಆತು, ಒಂದ ಅದ. ನನ್ನ ಕೈಲೆ ಆಗಲಿಲ್ಲ, ನೀ ಒಂದು ಜೋಡಿ ತಂದು ಹಾಕು.”

“ಇದು ಗಂಡೋ, ಹೆಣ್ಣೋ?”

“ಮೀಸಿ ಕಾಣಸೂದಿಲ್ಲೇನೋ ಖೋಡಿ.”

ಕಾಣಿಸುತ್ತಿತ್ತು. ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಮೀನು. ಕಪ್ಪುಮಿಶ್ರಿತ ಕಂದು ಬಣ್ಣ, ಮೈಮೇಲೆ ಸಣ್ಣ ಬಿಳಿ ಚುಕ್ಕೆ, ಹೊಟ್ಟೆಯ ಕಡೆ ತಟ್ಟೆಯಂಥ ಬಾಯಿ. ಆ ಬಾಯಿಂದ ಗಾಜಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ಇಲ್ಲಿಯವರು ಸಕ್ಕರ್ ಎನ್ನುತ್ತಾರೆ. ಪ್ಲೆಕೊ ಎಂಬ ಹೆಸರು ನನಗೆ ಆಮೇಲೆ ತಿಳಿಯಿತು. ಮೂತಿಯ ಸುತ್ತ, ಹಣೆಯ ಮೇಲೆಲ್ಲ, ಮಳೆಗಾಲದ ಗೋಡೆಯಲ್ಲಿ ಚಿಗುರಿದ ಬೇರುಗಳ ಹಾಗೆ ಮೆತ್ತಗಿನ ಕವಲೊಡೆದ ಮೀಸೆ.

ಕೋಣೆಯಲ್ಲಿ ತೊಟ್ಟಿ ಇಡಲು ಇದ್ದದ್ದು ಒಂದೇ ಜಾಗ, ಗೋಡೆಗೆ ಕಟ್ಟಿದ ಕಲ್ಲಿನ ಹಲಗೆ. ನೆಲದಿಂದ ನನ್ನ ಎದೆಯಷ್ಟು ಎತ್ತರ. ತೊಟ್ಟಿ ಇಟ್ಟ ಮೇಲೆ ಅದರ ಮೇಲಂಚು ನನ್ನ ತಲೆಗಿಂತ ಒಂದು ಗೇಣು ಮೇಲೆ ಬರುತ್ತಿತ್ತು. ಹೀಗಾಗಿ ಮೀನನ್ನು ನಾನು ಯಾವಾಗಲೂ ನೋಡಿದ್ದು ಎದುರಿನಿಂದ, ಅದು ಗಾಜಿಗೆ ಬಾಯಿ ಒತ್ತಿಕೊಂಡಿರುವಾಗ. ನೀರು ಬದಲಿಸಲು ಸ್ಟೂಲು ಹತ್ತಿದಾಗಲೂ ನನ್ನ ಗಮನ ಬಕೆಟ್ಟಿನ ಮೇಲೆಯೇ ಇರುತ್ತಿತ್ತು. ಇದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮುಂದೆ ಮಾಡಿದ ತಪ್ಪೆಲ್ಲ ಆ ಎತ್ತರದಿಂದಲೇ ಆಯಿತು. ಅದರಿಂದ, ಮತ್ತೆ ನನ್ನ ಕೆಲಸದಿಂದ.

ನಾನು ಟ್ಯಾಲಿ ಕ್ಲರ್ಕ್. ಹಡಗಿನಿಂದ ಕ್ರೇನು ಇಳಿಸುವ ಮೂಟೆ, ಪೆಟ್ಟಿಗೆ, ಕಬ್ಬಿಣದ ಕಟ್ಟುಗಳನ್ನು ಎಣಿಸುವುದು ನನ್ನ ಕೆಲಸ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಹೊಡೆಯಬೇಕು. ಹಡಗಿನ ಕಡೆಯವನೊಬ್ಬ ಮೇಲೆ ನಿಂತು ಎಣಿಸುತ್ತಾನೆ, ನಾನು ಕೆಳಗೆ ಕಟ್ಟೆಯ ಮೇಲೆ. ಪಾಳಿ ಮುಗಿದಾಗ ಇಬ್ಬರ ಗೆರೆಗಳೂ ತಾಳೆಯಾಗಬೇಕು. ಸೇರಿದ ವಾರ ನಾನೊಂದು ಮೂಟೆಯ ಮೇಲಿನ ಅಕ್ಷರ ಓದಲು ಹೋಗಿ ಎರಡು ಗೆರೆ ತಪ್ಪಿಸಿದ್ದೆ. ಆಗ ನಮ್ಮ ಹಿರಿಯ ಕ್ಲರ್ಕ್ ಹೇಳಿದ ಮಾತು ಇದು: “ಒಳಗೆ ಏನಿದೆ ಎನ್ನುವುದು ನಿನಗೆ ಬೇಕಿಲ್ಲ. ನೋಡಿದರೆ ಲೆಕ್ಕ ತಪ್ಪುತ್ತದೆ. ಎಣಿಸು, ಸಾಕು.” ಆಮೇಲೆ ನನ್ನ ಲೆಕ್ಕ ತಪ್ಪಲಿಲ್ಲ.

ನನ್ನ ಜೊತೆ ಪದವಿ ಮುಗಿಸಿದ ಮೂವತ್ತೊಂದು ಮಂದಿಯಲ್ಲಿ ಆ ಹೊತ್ತಿಗೆ ಹದಿನೇಳು ಮಂದಿ ಸಾಫ್ಟ್‌ವೇರಿನಲ್ಲಿದ್ದರು. ಕಾಲ್ ಸೆಂಟರಿನವರನ್ನು ಸೇರಿಸಿದರೆ ಇಪ್ಪತ್ತೆರಡು. ಅವರು ಗುಂಪಾಗಿ ಕಳಿಸುವ ಮೇಲ್‌ಗಳನ್ನು ಓದಲು ವಾರಕ್ಕೊಮ್ಮೆ ಸೈಬರ್ ಕೆಫೆಗೆ ಹೋಗುತ್ತಿದ್ದೆ. ಯಾವ ಹೋಟೆಲಿನಲ್ಲಿ ಸೇರುವುದು, ಯಾರ ಗಾಡಿಯಲ್ಲಿ ಹೋಗುವುದು, ಇಂಥದೇ ಚರ್ಚೆ. ಪಟ್ಟಿಯಲ್ಲಿ ನನ್ನ ಹೆಸರೂ ಇದ್ದದ್ದರಿಂದ ನನಗೂ ಬರುತ್ತಿತ್ತು. ‘ನನಗೆ ಬರಲಾಗುವುದಿಲ್ಲ’ ಎಂದು ಮೊದಮೊದಲು ಉತ್ತರ ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ ಎಂದು ಅರಿವಾದ ಮೇಲೆ ನಿಲ್ಲಿಸಿದೆ.

ವೈನಿ ಹೋದ ಮೇಲೆ ಡೈರಿಯಲ್ಲಿ ಒಂದು ಹೊಸ ಅಂಕಣ ಹಾಕಿಕೊಂಡಿದ್ದೆ: ಆ ದಿನ ಕನ್ನಡ ಮಾತಾಡಿದೆನೋ ಇಲ್ಲವೋ. ನವೆಂಬರಿನ ಉಳಿದ ಹದಿನಾಲ್ಕು ದಿನಗಳಲ್ಲಿ ಎರಡು ಗೆರೆ ಬಿದ್ದವು. ಎರಡೂ ಹುಬ್ಬಳ್ಳಿಗೆ ಮಾಡಿದ ಫೋನು. ಮೀನಿನ ಜೊತೆ ಮಾತಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ನಾನೇ ನಿಯಮ ಮಾಡಿಕೊಂಡಿದ್ದೆ.

ಸೈಬರ್ ಕೆಫೆಯಲ್ಲಿ ನವೆಂಬರ್ ಮೂವತ್ತರಂದು ಈ ಮೀನಿನ ಬಗ್ಗೆ ಹುಡುಕಿದೆ. ಪುಟ ತೆರೆಯಲು ನಾಲ್ಕು ನಿಮಿಷ ಹಿಡಿಯಿತು. ಬರಹ ಬಂತು: ಗಂಡಿಗೆ ಮೀಸೆ ಇರುತ್ತದೆ, ಎರಡು ಗಂಡುಗಳನ್ನು ಸಣ್ಣ ತೊಟ್ಟಿಯಲ್ಲಿ ಇಟ್ಟರೆ ಕಾದಾಡುತ್ತವೆ, ಚಿಕ್ಕದು ಸಾಯಲೂಬಹುದು. ಇದನ್ನು ಬರೆದುಕೊಂಡೆ. ಕೆಳಗೆ ಗಂಡು ಮತ್ತು ಹೆಣ್ಣಿನ ಚಿತ್ರಗಳು ಅಕ್ಕಪಕ್ಕ ಇರಬೇಕಿತ್ತು. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತ ಬಂದ ಚಿತ್ರ ಎರಡು ಬಾಲಗಳನ್ನು ತೋರಿಸಿ ನಿಂತುಬಿಟ್ಟಿತು. ಕಾದೆ. ಅರ್ಧ ಗಂಟೆ ಆಯಿತೆಂದು ಕೆಫೆಯವನು ಬಂದು ಭುಜ ತಟ್ಟಿದ.

ಊರಿನ ಉತ್ತರ ತುದಿಯಲ್ಲಿ, ಗಾಲಿಫ್ ಸ್ಟ್ರೀಟಿನಲ್ಲಿ, ಭಾನುವಾರದ ಬೆಳಿಗ್ಗೆ ಹಕ್ಕಿ, ನಾಯಿಮರಿ, ಗಿಡ, ಮೀನುಗಳ ಸಂತೆ ನೆರೆಯುತ್ತದೆ. ಡಿಸೆಂಬರ್ ಏಳರಂದು ಅಲ್ಲಿಗೆ ಹೋದೆ. ಸಕ್ಕರ್ ಮಾರುತ್ತಿದ್ದವರು ಹನ್ನೊಂದು ಮಂದಿ. ಮೀಸೆಯ ಜಾತಿಯದು ಇದ್ದದ್ದು ಒಬ್ಬನ ಹತ್ತಿರ, ಹುಬ್ಬಿನ ಮೇಲೆ ಗಾಯದ ಗುರುತಿದ್ದ ದಪ್ಪನೆಯ ಮನುಷ್ಯ. ಹಿಂದಿ ಬಂಗಾಳಿ ಬೆರೆಸಿ ಮಾತಾಡುತ್ತಿದ್ದ.

“ಹೆಣ್ಣು ಬೇಕು” ಎಂದೆ.

“ಎಲ್ಲರಿಗೂ ಬೇಕು, ದಾದಾ. ಮೀನಾ, ಮನುಷ್ಯಳಾ?” ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಅವನು ಬಲೆ ಹಾಕಿ ಒಂದನ್ನು ಎತ್ತಿದ. “ಇವಳನ್ನು ಒಯ್ಯಿರಿ. ವಯಸ್ಸಿಗೆ ಬರುತ್ತಿದ್ದಾಳೆ. ನಿಮ್ಮವನಿಗೆ ಅಡಗಿಕೊಳ್ಳಲು ಮಣ್ಣಿನ ಮಡಕೆ ಏನಾದರೂ ಇದೆಯಾ? ಇಡಿ. ಮನೆ ಇಲ್ಲದ ಗಂಡಿನ ಹತ್ತಿರ ಯಾರು ಬರುತ್ತಾರೆ?”

ಇಲ್ಲಿಯ ಸಿಹಿಮೊಸರು ಮಿಷ್ಟಿ ದೋಯಿ ತುಂಬಿ ಕೊಡುವ ಮಡಕೆಯೊಂದನ್ನು ತೊಳೆದು ಅಡ್ಡ ಮಲಗಿಸಿದೆ. ನನ್ನ ಮೀನು ಎರಡೇ ದಿನದಲ್ಲಿ ಅದರೊಳಗೆ ಸೇರಿಕೊಂಡಿತು. ಹೊಸದು ಮರದ ತುಂಡಿನ ಕೆಳಗೆ ಇರುತ್ತಿತ್ತು. ಸಂಜೆ ಏಳಕ್ಕೆ ಸೌತೆಕಾಯಿಯ ಬಿಲ್ಲೆ ಹಾಕಿದರೆ ಎರಡೂ ಬಂದು ಎರಡು ಕಡೆಯಿಂದ ಕಚ್ಚಿಕೊಳ್ಳುತ್ತಿದ್ದವು. ಡಿಸೆಂಬರಿನಲ್ಲಿ ಇಪ್ಪತ್ಮೂರು ಸಂಜೆ ಹಾಗೆ ಒಟ್ಟಿಗೆ ತಿಂದಿವೆ. ನಾನೂ ಸ್ಟೂಲನ್ನು ತೊಟ್ಟಿಯ ಎದುರಿಗೆ ಎಳೆದುಕೊಂಡು ಅಲ್ಲೇ ಊಟ ಮಾಡುತ್ತಿದ್ದೆ. ಪಾಳಿ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ನಿಲ್ಲದೆ ನೇರ ಕೋಣೆಗೆ ಬರಲು ಶುರುಮಾಡಿದ್ದೂ ಆಗಲೇ.

“ಹೆಣ್ಣು ಸಿಕ್ತೇನು?” ವೈನಿ ಫೋನಿನಲ್ಲಿ ಕೇಳಿದರು.

“ಸಿಕ್ಕದ ವೈನಿ.”

“ನಿನಗೋ, ಅದಕ್ಕೋ?”

“ಅದಕ್ಕ.”

“ಅದರದಾದರೂ ಆತಲ್ಲ. ನಿಮ್ಮ ಅವ್ವ ಮೊನ್ನೆ ನನಗ ಫೋನ್ ಮಾಡಿ ಕೇಳಿದ್ರು, ನೀವು ಆ ಕಡೆ ಇದ್ದವರು, ಹುಡುಗ ಯಾವದರ ಬಂಗಾಲಿ ಹುಡುಗೀನ ನೋಡಕೊಂಡಾನೇನು ಅಂತ. ನೋಡಕೊಂಡಾನ್ರೀ, ಆದ್ರ ತೊಟ್ಟ್ಯಾಗ ಇರ್ತಾಳ ಅಂದೆ.”

ಹತ್ತೊಂಬತ್ತನೆಯ ದಿನ, ಡಿಸೆಂಬರ್ ಇಪ್ಪತ್ತೈದರಂದು, ಹೊಸ ಮೀನಿನ ಮೇಲ್ದುಟಿಯ ಅಂಚಿನಲ್ಲಿ ಏನೋ ಮೊಳೆತದ್ದು ಕಂಡಿತು. ಟಾರ್ಚು ಹಿಡಿದು ನೋಡಿದೆ. ಸಣ್ಣ ಮುಳ್ಳಿನಂಥವು, ಐದು. ಜನವರಿ ಒಂದಕ್ಕೆ ಎಂಟು. ಜನವರಿ ಎಂಟಕ್ಕೆ ಹನ್ನೊಂದು. ಹಳೆಯದರ ತುಟಿಯಂಚಿನಲ್ಲಿ ಎಣಿಸಿದರೆ ಹತ್ತೊಂಬತ್ತಿದ್ದವು. ಡೈರಿಯಲ್ಲಿ ಎರಡು ಅಂಕಣ ಮಾಡಿ ಗೆರೆ ಹಾಕುತ್ತ ಹೋದೆ. ನಾಲ್ಕು ನಿಂತದ್ದು, ಒಂದು ಅಡ್ಡ. ಅದಕ್ಕೆ ಹಣೆಯ ಮೇಲೂ ಪೊದೆ ಇದೆ, ಇದಕ್ಕೆ ಇಲ್ಲ ಎಂಬುದು ನನಗೆ ಕಾಣದಿರಲಿಲ್ಲ. ವಯಸ್ಸಾದ ಮೇಲೆ ಇದಕ್ಕೂ ಬಂದೀತು ಎಂದುಕೊಂಡೆ. ಹಣೆಯ ಮೇಲಿನದು ಕವಲು ಕವಲಾಗಿ ಹೆಣೆದುಕೊಂಡಿತ್ತು, ಎಣಿಸಲು ಆಗುತ್ತಿರಲಿಲ್ಲ. ಎಣಿಸಲಾಗದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಜನವರಿ ಹತ್ತರ ಸುಮಾರಿಗೆ ಹಳೆಯ ಮೀನು ಹೊಸದನ್ನು ಅಟ್ಟಿಸಿಕೊಂಡು ಹೋಗಲು ಶುರುಮಾಡಿತು. ಮಡಕೆಯಿಂದ ಹೊರಬಂದು ಅದರ ಪಕ್ಕಕ್ಕೆ ಒತ್ತುವುದು, ಗೋಡೆಗೆ ತಳ್ಳುವುದು, ಮತ್ತೆ ಮಡಕೆಗೆ ಹೋಗುವುದು. ಒಂದು ಸಂಜೆಗೆ ಹದಿನಾಲ್ಕು ಸಲ. ಹದಿನೈದರಂದು ಹೊಸದರ ಬಾಲದ ಮೇಲ್ತುದಿಯಲ್ಲಿ ಒಂದು ಚೂರು ಹರಿದಿತ್ತು, ಯಾರೋ ಬಸ್ಸಿನ ಟಿಕೆಟನ್ನು ಉಗುರಿನಿಂದ ಹರಿದ ಹಾಗೆ. ಸೈಬರ್ ಕೆಫೆಯಲ್ಲಿ ಬರೆದುಕೊಂಡದ್ದನ್ನು ತೆಗೆದು ಓದಿದೆ. ಚಿಕ್ಕದು ಸಾಯಲೂಬಹುದು.

ಜನವರಿ ಹದಿನೆಂಟು, ಭಾನುವಾರ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿದ್ದ ಮುದುಕರು ಚೀಲ ನೋಡಿ, ಇದನ್ನು ಹೇಗೆ ಬೇಯಿಸುತ್ತೀರಿ ಎಂದು ಕೇಳಿದರು. ತಿನ್ನುವ ಮೀನಲ್ಲ ಎಂದದ್ದಕ್ಕೆ, ಹಾಗಾದರೆ ಯಾಕೆ ಒಯ್ಯುತ್ತಿದ್ದೀರಿ ಎಂದರು. ಹುಬ್ಬಿನ ಗಾಯದವನು ಸಂತೆಯಲ್ಲಿ ಇರಲಿಲ್ಲ. ತಂಗಿಯ ಮದುವೆಗೆ ಹಳ್ಳಿಗೆ ಹೋಗಿದ್ದಾನೆ, ಇನ್ನೂ ಎರಡು ಭಾನುವಾರ ಬರುವುದಿಲ್ಲ ಎಂದ ಪಕ್ಕದವನು. ಎರಡು ಭಾನುವಾರದವರೆಗೆ ಇದನ್ನು ಉಳಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

“ಗಂಡು. ಎರಡು ಗಂಡಾಗಿಬಿಟ್ಟಿದೆ. ಇಟ್ಟುಕೊಳ್ಳಿ” ಎಂದು ಚೀಲವನ್ನು ಪಕ್ಕದವನಿಗೇ ಕೊಟ್ಟೆ. ಅವನು ಮೇಲೆ ಕೆಳಗೆ ನೋಡದೆ ತನ್ನ ಡಬ್ಬಕ್ಕೆ ಸುರಿದುಕೊಂಡ.

ಆ ಸಂಜೆ ಸೌತೆಕಾಯಿಯ ಬಿಲ್ಲೆಯನ್ನು ಅಭ್ಯಾಸಬಲದಿಂದ ದೊಡ್ಡದಾಗಿಯೇ ಕತ್ತರಿಸಿದ್ದೆ. ಮಾರನೆಯ ಬೆಳಿಗ್ಗೆ ಮುಕ್ಕಾಲು ಭಾಗ ಹಾಗೇ ತೇಲುತ್ತಿತ್ತು. ನನ್ನ ಮೀನು ಎರಡು ವಾರ ಮಡಕೆಯಿಂದ ಹೊರಬಂದದ್ದು ಕಡಿಮೆ. ಮಡಕೆಯೊಳಗೆ ಬಾಲ ಬೀಸುತ್ತಲೇ ಇರುತ್ತಿತ್ತು. ಅದು ಮನೆ ಗುಡಿಸಿ ಕಾಯುತ್ತಿತ್ತು ಎಂದು ಆಗ ನನಗೆ ತಿಳಿದಿರಲಿಲ್ಲ.

ಫೆಬ್ರವರಿ ಎಂಟರಂದು ಮತ್ತೆ ಸಂತೆಗೆ ಹೋದೆ, ಈ ಸಲ ಖಚಿತವಾಗಿ ಹೆಣ್ಣನ್ನೇ ತರಬೇಕೆಂದು. ಗಾಯದವನು ನನ್ನನ್ನು ನೋಡಿದ ಕೂಡಲೇ ಕೈ ಎತ್ತಿದ.

“ಏನು ದಾದಾ, ಬೌದಿ ಹೇಗಿದ್ದಾಳೆ? ಮೊಟ್ಟೆ ಇಟ್ಟಳಾ?”

ಬೌದಿ ಎಂದರೆ ನಮ್ಮ ವೈನಿ. “ನೀನು ಕೊಟ್ಟದ್ದು ಗಂಡು. ಮೀಸೆ ಬಂತು. ಹನ್ನೊಂದು” ಎಂದೆ.

“ಹನ್ನೊಂದು?” ಅವನು ಪಕ್ಕದವನ ಕಡೆ ತಿರುಗಿದ. “ಕೇಳಿದೆಯಾ, ಎಣಿಸಿದ್ದಾರೆ.” ಆಮೇಲೆ ನನಗೆ, “ಎಲ್ಲಿ ಬಂತು?”

ತುಟಿಯ ಅಂಚನ್ನು ತೋರಿಸಿದೆ.

“ಅಲ್ಲಿ ನನ್ನ ಅತ್ತೆಗೂ ಇದೆ, ದಾದಾ. ಅವಳಿಗೆ ಏಳು ಮಕ್ಕಳು.”

ಅವನು ನಗುತ್ತಲೇ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಬಿಳಿಯ ಬೋಗುಣಿಗೆ ಬಿಟ್ಟು ನೆಲದ ಮೇಲಿಟ್ಟ. “ನಿಂತುಕೊಂಡು ನೋಡಿ. ಮೇಲಿನಿಂದ.” ನಾನು ಆ ಮೀನನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಹೇಳಿಕೊಡಬೇಕಾದ ಅಗತ್ಯವೇ ಇರಲಿಲ್ಲ. ಗಂಡಿನ ತಲೆ ಸಲಿಕೆಯ ಹಾಗೆ ಅಗಲ, ಮೀಸೆ ಹಣೆಯ ನಡುವಿನವರೆಗೆ ಹತ್ತಿ ಕವಲಾಗಿತ್ತು. ಹೆಣ್ಣಿನ ಮೂತಿ ಕಿರಿದು, ಹಣೆ ಬೋಳು, ಹೊಟ್ಟೆ ಎರಡೂ ಪಕ್ಕಕ್ಕೆ ದುಂಡಗೆ ಉಬ್ಬಿತ್ತು. ತುಟಿಯಂಚಿನ ಸಣ್ಣ ಮುಳ್ಳುಗಳು ಹೆಣ್ಣಿಗೂ ಬರುತ್ತವೆ. ಎಷ್ಟಿವೆ ಎಂಬುದು ಮುಖ್ಯವಲ್ಲ, ಎಲ್ಲಿವೆ ಎಂಬುದು.

“ಅಟ್ಟಿಸಿಕೊಂಡು ಹೋಗುತ್ತಿತ್ತು” ಎಂದೆ. ನನ್ನ ದನಿ ನನಗೇ ದೂರು ಹೇಳುವ ಮಗುವಿನ ಹಾಗೆ ಕೇಳಿಸಿತು.

“ಮನೆಗೆ ಕರೆಯುತ್ತಿದ್ದ. ನೀವು ಅವಳನ್ನು ಮನೆ ಬಿಡಿಸಿದಿರಿ.”

ಪಕ್ಕದವನಿಗೆ ತಾನು ಅವಳನ್ನು ಯಾರಿಗೆ ಮಾರಿದ್ದು ಎಂಬುದು ನೆನಪಿತ್ತು, ಯಾಕೆಂದರೆ ಬಾಲ ಹರಿದಿದೆ ಎಂದು ಕೊಂಡವನು ಜಗಳವಾಡಿದ್ದನಂತೆ. ಸದರ್ನ್ ಅವೆನ್ಯೂದಲ್ಲಿ ಚೇಂಬರ್ ಇಟ್ಟ ಹೋಮಿಯೋಪತಿ ಡಾಕ್ಟರೊಬ್ಬರ ಕಂಪೌಂಡರ್. ಗಾಯದವನು ಬೇರೆ ಹೆಣ್ಣು ಕೊಡುತ್ತೇನೆ ಎಂದ. ನನಗೆ ಅದು ಬೇಡವಾಗಿತ್ತು. ತಪ್ಪು ಎಣಿಸಿ ಕಳಿಸಿದ ಸಾಮಾನನ್ನು ಹುಡುಕಿ ತರುವುದು ನಮ್ಮ ಕೆಲಸದಲ್ಲಿ ನಿಯಮ. ಬೇರೆಯದನ್ನು ಇಟ್ಟು ಲೆಕ್ಕ ಸರಿಮಾಡುವುದಲ್ಲ.

ಸಂಜೆ ವೈನಿಗೆ ಫೋನು ಮಾಡಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ.

“ಪಾಪ, ಅದು” ಎಂದರು. “ನೀನೂ ಎಷ್ಟು ಎಣಸ್ತೀಪಾ. ನಮ್ಮನ್ಯಾಗ ರೊಟ್ಟಿ ತಿನ್ನುವಾಗೂ ಎಣಸ್ತಿದ್ದಿ, ನಾ ನೋಡೇನಿ. ಹೋಗು, ಕರಕೊಂಡ ಬಾ ಅಕಿನ್ನ.” ಹಿಂದೆ ಯಾರೋ ಅವರನ್ನು ಕರೆದರು; ಮನೆತುಂಬ ಜನರ ಗದ್ದಲ ಕೇಳಿಸುತ್ತಿತ್ತು. “ಮಂದಿ ಬಂದಾರ, ಇಡ್ತೀನಿ” ಎಂದರು.

ಹಡಗುಗಳು ಸಾಲಾಗಿ ಬಂದು ಎರಡು ವಾರ ರಜೆ ಸಿಗಲಿಲ್ಲ. ಫೆಬ್ರವರಿ ಇಪ್ಪತ್ತಾರರ ಗುರುವಾರ ಸದರ್ನ್ ಅವೆನ್ಯೂಗೆ ಹೋದೆ. ಹಳೆಯ ಮನೆಯೊಂದರ ಬೀದಿಬದಿಯ ಕೋಣೆ. ಬೆಂಚುಗಳ ಮೇಲೆ ಒಂಬತ್ತು ಮಂದಿ. ಮೂಲೆಯಲ್ಲಿ, ಸೊಂಟದೆತ್ತರದ ಮೇಜಿನ ಮೇಲೆ, ನನ್ನದಕ್ಕಿಂತ ಎರಡರಷ್ಟು ದೊಡ್ಡ ತೊಟ್ಟಿ. ಏನು ಬೇಕು ಎಂದು ಕಂಪೌಂಡರ್ ಕೇಳಿದ. ಅಷ್ಟು ಜನ ನರಳುತ್ತ ಕೂತಿರುವಾಗ ಮೀನು ಎನ್ನಲು ಬಾಯಿ ಬರಲಿಲ್ಲ. “ಡಾಕ್ಟರನ್ನು ನೋಡಬೇಕು” ಎಂದೆ. ಹತ್ತನೆಯ ನಂಬರಿನ ಚೀಟಿ ಕೊಟ್ಟ.

ಒಂದು ಗಂಟೆ ಐದು ನಿಮಿಷ ತೊಟ್ಟಿಯ ಪಕ್ಕದಲ್ಲಿ ಕೂತೆ. ಹರಿದ ಬಾಲ ಮರದ ಬೇರಿನ ಸಂದಿಯಿಂದ ಒಮ್ಮೆ ಕಂಡು ಮರೆಯಾಯಿತು. ಆಮೇಲೆ ಕರೆ ಬಂತು.

ಡಾಕ್ಟರು ಎಪ್ಪತ್ತರ ಹತ್ತಿರದವರು, ಹೆಗಲಿಗೆ ಶಾಲು. ಅಗಲವಾದ ಖಾತೆಪುಸ್ತಕ ತೆರೆದು ನನ್ನ ಹೆಸರು, ಊರು ಬರೆದುಕೊಂಡರು. “ತೊಂದರೆ?”

“ನಿದ್ದೆ” ಎಂದೆ. ಬಾಯಿಗೆ ಬಂದದ್ದು ಅದು. ಸುಳ್ಳೂ ಆಗಿರಲಿಲ್ಲ.

ಅವರ ಪ್ರಶ್ನೆಗಳು ಶುರುವಾದವು. ನೀರು ಒಮ್ಮೆಗೇ ಕುಡಿಯುತ್ತೀರೋ, ಗುಟುಕು ಗುಟುಕಾಗಿಯೋ? ಉಪ್ಪು ಇಷ್ಟವೋ, ಸಿಹಿಯೋ? ಮಲಗುವಾಗ ಯಾವ ಮಗ್ಗುಲು? ಎಲ್ಲಕ್ಕೂ ನನ್ನಲ್ಲಿ ಖಚಿತ ಉತ್ತರವಿತ್ತು. ನಿದ್ದೆ ಬಾರದ ದಿನಗಳು ಎಷ್ಟು ಎಂದಾಗ, ಡಿಸೆಂಬರಿನಲ್ಲಿ ನಾಲ್ಕು, ಫೆಬ್ರವರಿಯಲ್ಲಿ ಹದಿನೇಳು ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಅಳು ಬಂದಾಗ ಯಾರಾದರೂ ಸಮಾಧಾನ ಹೇಳಿದರೆ ಹಿತವೆನಿಸುತ್ತದೆಯೋ, ಸಿಟ್ಟು ಬರುತ್ತದೆಯೋ?”

“ಗೊತ್ತಿಲ್ಲ. ಯಾರೂ ಹೇಳಿಲ್ಲ” ಎಂದೆ.

ಅದನ್ನೂ ಬರೆದುಕೊಂಡರು. ಬರೆಯುವಾಗ ತಲೆ ಎತ್ತದೆ, “ನನ್ನ ಕಂಪೌಂಡರ್ ಹೇಳಿದ, ನೀವು ಒಂದು ಗಂಟೆಯಿಂದ ಮೀನನ್ನೇ ನೋಡುತ್ತಿದ್ದೀರಂತೆ” ಎಂದರು. ಆಗ ಎಲ್ಲವನ್ನೂ ಹೇಳಿದೆ. ಮೀಸೆ, ಹನ್ನೊಂದು, ಅಟ್ಟಿಸಿದ್ದು, ಚೀಲ. ಅವರು ನಡುವೆ ಒಮ್ಮೆಯೂ ನಗಲಿಲ್ಲ.

“ಬನ್ನಿ” ಎಂದು ಎದ್ದರು.

ತೊಟ್ಟಿಯ ಮುಚ್ಚಳ ತೆಗೆದು ನನ್ನನ್ನು ಮೇಲಿನಿಂದ ನೋಡಲು ಕರೆದರು. ಮೂಲೆಯಲ್ಲಿ ಅಡ್ಡ ಮಲಗಿಸಿದ ಹೂಕುಂಡದ ಬಾಯಲ್ಲಿ ಅಗಲ ತಲೆಯ ಗಂಡೊಂದು ಕೂತು ರೆಕ್ಕೆ ಬೀಸುತ್ತಿತ್ತು. ಅದರ ಹೊಟ್ಟೆಯಡಿ ಸಾಸಿವೆಗಿಂತ ದೊಡ್ಡ, ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲು. “ನಾಲ್ಕು ದಿನವಾಯಿತು. ಅಪ್ಪ ಊಟಕ್ಕೂ ಏಳುವುದಿಲ್ಲ” ಎಂದರು ಡಾಕ್ಟರು. ಹೆಣ್ಣು ಒಂದು ಅಡಿ ದೂರದಲ್ಲಿ ಮರದ ಬೇರಿನ ಮೇಲೆ ಇತ್ತು. ಹೊಟ್ಟೆ ಇಳಿದಿತ್ತು. ಬಾಲದ ಹರಿದ ಚೂರು ಅರ್ಧ ಬೆಳೆದುಕೊಂಡಿದ್ದರೂ ಗುರುತು ಸ್ಪಷ್ಟವಾಗಿತ್ತು. ಬೋಳು ಹಣೆ, ಕಿರಿದಾದ ಮೂತಿ. ಅವಳನ್ನು ಸರಿಯಾಗಿ ನೋಡಿದ್ದು ನಾನು ಆಗಲೇ.

“ಇವಳೇ ಏನು? ನಿಮ್ಮವಳಾದರೆ ಬಲೆ ತರಿಸುತ್ತೇನೆ.”

ಕಂಪೌಂಡರ್ ಆಗಲೇ ಬಲೆಯತ್ತ ಕೈ ಚಾಚಿದ್ದ. ನಾನು ಚೀಲವನ್ನೂ ತಂದಿದ್ದೆ, ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿ. ಖಿದಿರ್‌ಪುರದಲ್ಲಿ ನನ್ನ ಮೀನು ಮಡಕೆಯಲ್ಲಿ ಬಾಲ ಬೀಸುತ್ತಿರುವುದು ಕಣ್ಣಿಗೆ ಬಂತು. ಆದರೆ ಇವಳನ್ನು ಒಂದು ಸಲ ನಾನು ಚೀಲಕ್ಕೆ ಹಾಕಿ ಬಸ್ಸಿನಲ್ಲಿ ಒಯ್ದಿದ್ದೆ. ಅವಳು ಎಲ್ಲಿರಬೇಕೆಂದು ಎರಡನೆಯ ಸಲವೂ ನಾನೇ ತೀರ್ಮಾನಿಸುವುದು ಸರಿ ಅನ್ನಿಸಲಿಲ್ಲ.

“ಅಲ್ಲ. ನನ್ನದರ ಬಾಲ ಸರಿಯಿತ್ತು” ಎಂದೆ.

ಡಾಕ್ಟರು ಬಾಲವನ್ನು ನೋಡಿದರು, ನನ್ನನ್ನು ನೋಡಿದರು, ಮುಚ್ಚಳ ಹಾಕಿದರು. ಬಿಳಿಯ ಸಿಹಿಗುಳಿಗೆಯ ಪುಟ್ಟ ಸೀಸೆ ಕೊಟ್ಟು, ಹದಿನೈದು ದಿನಕ್ಕೆ ಮತ್ತೆ ಬನ್ನಿ ಎಂದರು.

ಹೋದೆ. ಮಾರ್ಚ್‌ನಲ್ಲಿ ಎರಡು ಸಲ, ಏಪ್ರಿಲ್‌ನಲ್ಲಿ ಎರಡು ಸಲ. ಪ್ರತಿ ಸಲವೂ ಕೊನೆಯ ನಂಬರಿನ ಚೀಟಿ ಕೇಳಿ ಪಡೆಯುತ್ತಿದ್ದೆ, ಹೆಚ್ಚು ಹೊತ್ತು ಕೂರಲು. ಮರಿಗಳು ಮೊದಲು ಹೊಟ್ಟೆಗೆ ಹಳದಿ ಚೀಲ ಕಟ್ಟಿಕೊಂಡು ಕುಂಡದೊಳಗೆ ಅಂಟಿಕೊಂಡಿದ್ದವು. ಆಮೇಲೆ ಗಾಜಿನ ತುಂಬ ಅಲ್ಪವಿರಾಮಗಳ ಹಾಗೆ ಹರಡಿದವು. ಡಾಕ್ಟರು ನಿದ್ದೆ ಹೇಗಿದೆ ಎಂದು ಕೇಳುತ್ತಿದ್ದರು, ನಾನು ಪರವಾಗಿಲ್ಲ ಎನ್ನುತ್ತಿದ್ದೆ. ಮೀನಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಈ ನಡುವೆ ವೈನಿಯ ಫೋನು ತಿಂಗಳಿಗೆ ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಅವರ ತಪ್ಪಲ್ಲ. ಮಾಡಿದಾಗಲೆಲ್ಲ ಹಿಂದೆ ಜನ ಇರುತ್ತಿದ್ದರು, ಊಟದ ಹೊತ್ತಾಗಿರುತ್ತಿತ್ತು. ಏಪ್ರಿಲ್ ಸೆಕೆಯಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ನಾನು ಸ್ಟೂಲಿನ ಮೇಲೆ ನಿಂತು ಲೋಟದಿಂದ ನೀರೆತ್ತಿ ಹುಯ್ಯುತ್ತಿದ್ದೆ. ಆಗೆಲ್ಲ ನನ್ನ ಮೀನನ್ನು ಮೇಲಿನಿಂದ ನೋಡಿದೆ. ಸಲಿಕೆಯಂಥ ತಲೆ.

ಮೇ ಆರರಂದು ಡಾಕ್ಟರು ಗುಳಿಗೆಯ ಸೀಸೆಯ ಬದಲು ನೀರು ತುಂಬಿದ ಪುಟ್ಟ ಚೀಲವನ್ನು ಮೇಜಿನ ಮೇಲಿಟ್ಟರು. ಒಳಗೆ ಬೆರಳ ಗೆಣ್ಣಿನಷ್ಟು ಉದ್ದದ ಒಂದು ಮರಿ.

“ಇದನ್ನು ದಿನಕ್ಕೆ ಮೂರು ಸಲ ತೆಗೆದುಕೊಳ್ಳಬೇಡಿ” ಎಂದರು.

“ಗಂಡೋ, ಹೆಣ್ಣೋ?”

“ನನಗೇನು ಗೊತ್ತು? ಅದಕ್ಕೂ ಗೊತ್ತಿಲ್ಲ. ಏಳೆಂಟು ತಿಂಗಳು ಸಾಕಿ, ಆಮೇಲೆ ಮೇಲಿನಿಂದ ನೋಡಿ.”

ಹಳೆಯ ಮೀನು ಮರಿಯನ್ನು ಅಟ್ಟಿಸಲಿಲ್ಲ. ಬಹುಶಃ ಅದನ್ನು ಮೀನೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮರಿ ಮರದ ತುಂಡಿನ ಕೆಳಗೆ ಜಾಗ ಮಾಡಿಕೊಂಡಿತು. ಮಡಕೆಯ ಬೆನ್ನ ಮೇಲೂ ಓಡಾಡುತ್ತಿತ್ತು. ಮಳೆಗಾಲ ಕಳೆಯಿತು, ದುರ್ಗಾಪೂಜೆಯ ರಜೆ ಕಳೆಯಿತು. ಹೆಣ್ಣಾಗಲಿ ಎಂದು ನಾನು ಆಸೆಪಟ್ಟಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಏಳು ತಿಂಗಳು ಪ್ರತಿ ಭಾನುವಾರ ಸ್ಟೂಲು ಹತ್ತಿ ಮೇಲಿನಿಂದ ನೋಡಿದೆ. ಮೂತಿ ಕಿರಿದಾಗಿಯೇ ಇದೆ, ಹೊಟ್ಟೆ ಸ್ವಲ್ಪ ದುಂಡಗಿದೆ ಎಂದು ಹಲವು ಭಾನುವಾರ ಅನ್ನಿಸಿತು.

ಮತ್ತೊಂದು ಡಿಸೆಂಬರ್ ಬಂತು. ಹನ್ನೆರಡರಂದು ಹಣೆಯ ನಡುವೆ, ಎರಡು ಕಣ್ಣುಗಳ ಮುಂದೆ, ಒಂದು ಕವಲು. ಹತ್ತೊಂಬತ್ತರ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು. ಗಂಡು. ಈ ಸಲ ನಾನು ತಪ್ಪಿರಲಿಲ್ಲ. ಹಳೆಯ ಮೀನಿಗೂ ಅದೇ ವಾರ ಗೊತ್ತಾಯಿತು. ಮಡಕೆಯಿಂದ ಹೊರಬಂದು, ಕೆನ್ನೆಯ ಮುಳ್ಳುಗಳನ್ನು ಅಗಲಿಸಿ, ಅದನ್ನು ಮೂಲೆಗೆ ತಳ್ಳಿತು. ಇದು ಕರೆಯುವುದಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಈಗ ನನ್ನ ಕಣ್ಣಿಗೆ ತಿಳಿಯುತ್ತಿತ್ತು.

ಕೊಟ್ಟುಬಿಡಲು ಜಾಗಗಳಿದ್ದವು. ಗಾಲಿಫ್ ಸ್ಟ್ರೀಟ್ ಇತ್ತು, ಡಾಕ್ಟರಿದ್ದರು. ನಾನು ಗಾಜಿನಂಗಡಿಗೆ ಹೋಗಿ ತೊಟ್ಟಿಯ ಅಳತೆಗೆ ಒಂದು ಹಲಗೆ ಕತ್ತರಿಸಿ ತಂದು ನಡುವೆ ನಿಲ್ಲಿಸಿದೆ, ಕೆಳಗೆ ನೀರು ಹರಿಯಲು ಬೆರಳಗಲ ಬಿಟ್ಟು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಸೌತೆಕಾಯಿ ಈಗ ಎರಡು ಬಿಲ್ಲೆ.

ಈಗ ಅವೆರಡೂ ಸಂಜೆಯ ಹೊತ್ತು ನಡುಗಾಜಿಗೆ ಬರುತ್ತವೆ. ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಬಾಯಿ ಒತ್ತಿಕೊಂಡು ಅಲ್ಲೇ ಇರುತ್ತವೆ. ನಾನು ಎದುರಿಗೆ ಕೂತು ಊಟ ಮಾಡುತ್ತೇನೆ. ಅವು ಬರುವುದು ಜಗಳಕ್ಕೋ, ಜೊತೆಗೋ? ಅದನ್ನು ಗುರುತಿಸುವುದು ಹೇಗೆಂದು ಡಾಕ್ಟರನ್ನು ಕೇಳಿದೆ, ಗಾಯದವನನ್ನೂ ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ.